ಗಾಳೆಮ್ಮನ ಎಣ್ಣೆಸ್ನಾನ

ನಮ್ಮ ಮನೆಗೆ ಬರುವವರು ಆಟೋದವನಿಗೆ ಗೊಟ್ಟಿಗೆರೆ ಅಂದರೆ ಸಾಲದು, 'ಫ್ಯಾನ್ ದೇವಸ್ಥಾನ' ಅನ್ನಬೇಕು. ಅಷ್ಟಂದರೆ ನಿನ್ನೆ ಮೊನ್ನೆ ಊರಿಗೆ ಬಂದವನೂ ಸೀದಾ ತಂದು ಇಳಿಸುತ್ತಿದ್ದ. ಪಿ.ಜಿ. ಕಟ್ಟಡಗಳ ಗೋಡೆಗಳ ನಡುವೆ, ನಮ್ಮ ಕುಟುಂಬಕ್ಕೆ ಉಳಿದಿದ್ದ ಕೊನೆಯ ತುಂಡು ಹೊಲದಲ್ಲಿ, ನಾಲ್ಕು ಕಾಲಿನ ಕಬ್ಬಿಣದ ಗೋಪುರವೊಂದು ನಿಂತಿತ್ತು. ಅದರ ನೆತ್ತಿಯಲ್ಲಿ ತಗಡಿನ ರೆಕ್ಕೆಗಳ ದೊಡ್ಡ ಚಕ್ರ, ಚಕ್ರದ ಹಿಂದೆ ಮೀನಿನ ಬಾಲದ ಆಕಾರದ ಅಗಲವಾದ ಇನ್ನೊಂದು ತಗಡು. ಒಂದು ಕಾಲದಲ್ಲಿ ಗಾಳಿಯ ಬಲದಿಂದ ಬಾವಿಯ ನೀರೆತ್ತಲು ನಿಲ್ಲಿಸಿದ್ದ ಯಂತ್ರ ಅದು. ನನಗೆ ನೆನಪು ಕೂಡುವ ವಯಸ್ಸು ಬರುವಷ್ಟರಲ್ಲಿ ತಿರುಗುವುದನ್ನು ಬಿಟ್ಟಿತ್ತು. ಗೋಪುರದ ಬುಡದಲ್ಲಿ ಮೊಣಕಾಲೆತ್ತರದ ಒಂದು ಗುಡಿ, ಗುಡಿಯೊಳಗೆ ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಮೂಲ ಆಕಾರವೇ ಕಾಣದಂತಾಗಿದ್ದ ಗಾಳೆಮ್ಮ.

ಸುಳ್ಳು ಯಾಕೆ ಹೇಳಲಿ, ಗಾಳೆಮ್ಮನ ಮೇಲೆ ನನಗೆ ಭಕ್ತಿಗಿಂತ ಸಿಟ್ಟೇ ಹೆಚ್ಚಿತ್ತು. ಯುಗಾದಿಯ ಬೆಳಗ್ಗೆ ನಾವೆಲ್ಲ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳುವ ಮೊದಲು ಅವಳಿಗೆ ಎಣ್ಣೆಸ್ನಾನ ಆಗಬೇಕು. ಇದು ನಮ್ಮ ದೊಡ್ಡಮ್ಮ ಮಾಡಿಟ್ಟ ಕಟ್ಟಳೆ. ದೊಡ್ಡಮ್ಮ ಅಂದರೆ ಅಪ್ಪನ ಅಣ್ಣನ ಹೆಂಡತಿ, ಎಂಬತ್ತು ದಾಟಿದವಳು, ಈಗ ನಮ್ಮ ಮನೆತನಕ್ಕೆಲ್ಲ ಹಿರಿಯಳು. ಗಾಳೆಮ್ಮನ ಪಾದ ಗುಡಿಯಲ್ಲಿದ್ದರೂ ತಲೆ ಇರುವುದು ಮೇಲೆ ಅಂತ ಅವಳ ವಾದ. ಆದ್ದರಿಂದ ಮನೆಯ ಗಂಡಸೊಬ್ಬ ಹರಳೆಣ್ಣೆಯ ಚೊಂಬನ್ನು ಹೆಗಲಿಗೆ ಕಟ್ಟಿಕೊಂಡು ಗೋಪುರ ಹತ್ತಬೇಕು. ಚಕ್ರದ ಬೆನ್ನಿಗಿರುವ ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ಎತ್ತಿ ಎಣ್ಣೆಯನ್ನೆಲ್ಲ ಒಳಗೆ ಸುರಿಯಬೇಕು. ಕಾಗೆ ಗೂಡು ಕಟ್ಟಿದ್ದರೆ ಕಿತ್ತು ಕೆಳಗೆ ಹಾಕಬೇಕು, ಅಮ್ಮನ ತಲೆಯಲ್ಲಿ ಕಸ ಇರಬಾರದು. ಇಳಿಯುವಾಗ ಮೇಲಿನಿಂದ ಗುಡಿಯವರೆಗೆ ಇಳಿಬಿದ್ದ ದಪ್ಪ ತಂತಿಗೆ ಎಣ್ಣೆ ಬಟ್ಟೆ ಸವರಿಕೊಂಡು ಬರಬೇಕು. ಅದು ಅಮ್ಮನ ಜಡೆ.

ಮೀಸೆ ಚಿಗುರಿದ ವರ್ಷ ಈ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ದೊಡ್ಡಮ್ಮನ ಮಗ, ನನಗೆ ಅಣ್ಣನಾಗಬೇಕಾದವನು, ಎತ್ತರ ಅಂದರೆ ತಲೆ ಸುತ್ತುತ್ತದೆ ಅಂತ ಜಾಣತನದಿಂದ ತಪ್ಪಿಸಿಕೊಂಡ. ನನಗೆ ತಲೆ ಸುತ್ತಲಿಲ್ಲ, ಅದೇ ನನ್ನ ಕರ್ಮ. ಮಂಡಿ ಸವೆದು ಡಾಕ್ಟರು ಮೆಟ್ಟಿಲು ಕಡಿಮೆ ಮಾಡಿ ಅಂದಮೇಲೂ ಹತ್ತಿದೆ. ಬೈದುಕೊಳ್ಳುತ್ತ ಹತ್ತುತ್ತಿದ್ದೆ, ಮೇಲೆ ಹೋದಮೇಲೆ ಮಾತ್ರ ಬೈಗುಳ ನಿಂತುಹೋಗುತ್ತಿತ್ತು. ಮೊದಮೊದಲು ಅಲ್ಲಿಂದ ಒಂದು ಕಡೆ ಬನ್ನೇರುಘಟ್ಟದ ಕಾಡು, ಇನ್ನೊಂದು ಕಡೆ ಪುಟ್ಟೇನಹಳ್ಳಿ ಕೆರೆಯ ಹೊಳಪು, ನಡುವೆ ಉತ್ತಿಟ್ಟ ಕೆಂಪು ಹೊಲ ಕಾಣುತ್ತಿತ್ತು. ವರ್ಷ ಕಳೆದ ಹಾಗೆ ಬಿಳೇಕಹಳ್ಳಿಯ ದಿಕ್ಕಿನಿಂದ ಮನೆಗಳು ನಡೆದು ಬಂದವು. ಕಡೆಕಡೆಗೆ ನಾನು ಅಷ್ಟು ಕಷ್ಟಪಟ್ಟು ಹತ್ತಿ ನಿಂತರೆ ಎದುರಿನ ಪಿ.ಜಿ.ಯ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಹುಡುಗಿ ನನ್ನ ಸಮಕ್ಕೇ ನಿಂತು 'ಹ್ಯಾಪಿ ಯುಗಾದಿ ಅಂಕಲ್' ಅನ್ನುತ್ತಿದ್ದಳು. ಆದರೂ ಆ ದೊಡ್ಡ ಚಕ್ರದ ಪಕ್ಕ ನಿಂತಾಗ, ಇಷ್ಟು ಭಾರದ ವಸ್ತುವನ್ನು ಬರೀ ಗಾಳಿ ತಿರುಗಿಸುತ್ತಿತ್ತಂತೆ ಅನ್ನುವುದು ನೆನಪಾಗಿ ಮೈ ಜುಮ್ ಅನ್ನುತ್ತಿತ್ತು. ಕೆಳಗಿಳಿದರೆ ನಾನು ಮತ್ತೆ ಬಾಡಿಗೆ ಮನೆಗಳ ಓನರ್ರು. ಬೆಳಗ್ಗೆ ಮೋಟರ್ ಆನ್ ಮಾಡುವುದು, ಟ್ಯಾಂಕ್ ತುಂಬಿದಮೇಲೆ ಆಫ್ ಮಾಡುವುದು, ನೀರು ಪೋಲು ಮಾಡುವವರನ್ನು ಬಯ್ಯುವುದು, ಇಷ್ಟೇ ನನ್ನ ಉದ್ಯೋಗ.

ಹೋದ ವರ್ಷ ಆ ಕೊನೆಯ ತುಂಡು ಜಾಗವನ್ನೂ ಅಪಾರ್ಟ್‌ಮೆಂಟಿಗೆ ಕೊಡುವುದು ಅಂತ ಮನೆಯಲ್ಲಿ ತೀರ್ಮಾನವಾಯಿತು. ಅಣ್ಣನೇ ಓಡಾಡಿ ಎಲ್ಲ ಮಾತು ಮುಗಿಸಿದ. ಎಲ್ಲರಿಗೂ ಇದ್ದದ್ದು ಒಂದೇ ಹೆದರಿಕೆ, ದೊಡ್ಡಮ್ಮ ಏನಂತಾಳೋ. ಗಾಳೆಮ್ಮ ಮೈಮೇಲೆ ಬಂದಿದ್ದವಳು ಅವಳು. ಶುಕ್ರವಾರ ಗುಡಿಗೆ ಬರುವ ಹೆಂಗಸರು ಗಾಳೆಮ್ಮನಿಗೆ ಕೈ ಮುಗಿದು, ಆಮೇಲೆ ಇವಳ ಕಾಲಿಗೂ ಬೀಳುತ್ತಿದ್ದರು. ಸುತ್ತಮುತ್ತ ಯಾರೇ ಬೋರ್‌ವೆಲ್ ಕೊರೆಸಲಿ, ಇವಳ ಕೈಯಿಂದ ಅರಿಶಿನದ ದಾರ ತಗೊಂಡು ಹೋಗಿ ಮಿಷಿನ್ನಿಗೆ ಕಟ್ಟದೆ ಶುರು ಮಾಡುತ್ತಿರಲಿಲ್ಲ. ಅಂಥವಳ ಮುಂದೆ ಅಣ್ಣ ತಲೆ ತಗ್ಗಿಸಿ ವಿಷಯ ಹೇಳಿದ. ದೇವರನ್ನು ಶಾಸ್ತ್ರೋಕ್ತವಾಗಿ ಬೇರೆ ಕಡೆ ಕೂರಿಸೋಣ, ಗೋಪುರ ಮಾತ್ರ ತೆಗೆಯಲೇಬೇಕಾಗುತ್ತೆ ಅಂದ.

ಅವಳು ಕೂಗಾಡಲಿಲ್ಲ, ಅಳಲಿಲ್ಲ. "ಕೊಡೋದಾದ್ರೆ ಕೊಡ್ರಪ್ಪ. ಆಷಾಢದ ಗಾಳಿ ಬರೋವರ್ಗೂ ಮಾತ್ರ ಆ ಫ್ಯಾನ್ ತಂಟೆಗೆ ಹೋಗ್ಬೇಡಿ. ನಂಗೊಂದು ನೋಡೋದಿದೆ," ಅಂದಳು.

ಏನು ನೋಡುವುದು ಅಂತ ಯಾರೂ ಕೇಳಲಿಲ್ಲ. ಅವಳ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣೂ ದಿನೇ ದಿನೇ ಮಂಜಾಗುತ್ತಿದೆ, ಇದಕ್ಕೆ ಆಪರೇಷನ್ ಇಲ್ಲ ಅಂತ ಡಾಕ್ಟರು ಹೇಳಿದ್ದರು. ಕಣ್ಣಿರುವಷ್ಟರಲ್ಲಿ ಆಷಾಢದಲ್ಲಿ ಏನನ್ನೋ ನೋಡಬೇಕು ಅನ್ನುವ ಆಸೆ ಇಟ್ಟುಕೊಂಡಿದ್ದಾಳೆ ಅನ್ನುವುದಷ್ಟೇ ನಮಗೆ ಅರ್ಥವಾದದ್ದು. ಆಷಾಢದಲ್ಲಿ ಹೇಗೂ ಯಾರೂ ಮನೆ ಕೆಲಸ ಶುರು ಮಾಡುವುದಿಲ್ಲ, ಹೋಗಲಿ ಬಿಡು ಅಂತ ಅಣ್ಣನೂ ಒಪ್ಪಿದ.

ಆ ಯಂತ್ರ ನಮ್ಮ ಹೊಲಕ್ಕೆ ಬಂದ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವನು. ನಮ್ಮ ತಾತ ಎತ್ತಿನ ಗಾಡಿಯಲ್ಲಿ ಸೊಪ್ಪು, ಕುಂಬಳಕಾಯಿ ಹೇರಿಕೊಂಡು ದಂಡಿನ ಕಡೆ, ಅಂದರೆ ಈಗಿನ ಕಂಟೋನ್ಮೆಂಟಿಗೆ, ಮಾರಲು ಹೋಗುತ್ತಿದ್ದ. ಅಲ್ಲಿ ಯಾವುದೋ ಬಂಗಲೆಯ ತೋಟದಲ್ಲಿ ಇದು ತಿರುಗುತ್ತಿತ್ತಂತೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಗಾಡಿ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಎತ್ತಿಲ್ಲ, ಆಳಿಲ್ಲ, ಎಣ್ಣೆ ಕುಡಿಯುವ ಎಂಜಿನ್ ಇಲ್ಲ, ನೀರು ತನ್ನಷ್ಟಕ್ಕೆ ಮೇಲೆ ಬರುತ್ತದೆ ಅನ್ನುವುದು ಅವನ ತಲೆ ಕೆಡಿಸಿಬಿಟ್ಟಿತ್ತು. ಬಂಗಲೆಯವರು ಜಾಗ ಮಾರಿ ಹೋದಾಗ ಅದನ್ನು ಬಿಚ್ಚಿ ಮೂಲೆಗೆ ಹಾಕಿದ್ದರು. ತಾತ ಅವರಿಗೆ ದುಂಬಾಲು ಬಿದ್ದು ಕೇಳಿ ಪಡೆದು, ಎರಡು ಗಾಡಿಗಳಲ್ಲಿ ಹೇರಿಕೊಂಡು ತಂದ.

ಊರಿನ ಕಮ್ಮಾರನೂ ನಮ್ಮ ಮನೆಯವರೂ ಸೇರಿ ಬಾವಿಯ ಮೇಲೆ ಅದನ್ನು ಜೋಡಿಸಿ ನಿಲ್ಲಿಸಿದರು. ಒಂದೆರಡು ಸಲ ಬಾಲವನ್ನು ತಲೆಕೆಳಗು ಹಾಕಿ ಮತ್ತೆ ಬಿಚ್ಚಿದರಂತೆ. ಮೊದಲ ದಿನ ಚಕ್ರ ತಿರುಗಿ, ಕೊಳವೆಯ ಬಾಯಿಂದ ನೀರು ಗುಟುಕು ಗುಟುಕಾಗಿ ಕಲ್ಲಿನ ತೊಟ್ಟಿಗೆ ಬಿದ್ದಾಗ ನೆರೆದ ಜನ ಒಬ್ಬೊಬ್ಬರಾಗಿ ಅದರಲ್ಲಿ ಕೈ ಅದ್ದಿ ನೋಡಿದರು. ಪುಟ್ಟೇನಹಳ್ಳಿಯಿಂದ, ಬಿಳೇಕಹಳ್ಳಿಯಿಂದ ಜನ ಗಾಡಿ ಕಟ್ಟಿಕೊಂಡು ನೋಡಲು ಬಂದರು. ಯಾರೂ ಹೇಳದೆಯೇ ಬದುವಿನ ಹತ್ತಿರ ಚಪ್ಪಲಿ ಬಿಟ್ಟು ಬರುತ್ತಿದ್ದರಂತೆ. ಈ ಮಾತು ಬಂದಾಗಲೆಲ್ಲ ನಮ್ಮಪ್ಪ ಬಾವಿಯಿದ್ದ ಕಡೆ ಕಿವಿಗೊಡುತ್ತಿದ್ದ. ಅಷ್ಟು ಹೊತ್ತು ನನಗೂ ಆ ನೀರು ಬೀಳುವ ಸದ್ದು ಕೇಳಿದ ಹಾಗಾಗುತ್ತಿತ್ತು.

ಆಮೇಲೆ ಒಂದು ವರ್ಷ ಮಳೆ ಕೈಕೊಟ್ಟಿತು. ಬನ್ನೇರುಘಟ್ಟದ ಕಡೆಯಿಂದ ಮೋಡ ಏಳುವುದು, ನಮ್ಮೂರ ತಲೆಯ ಮೇಲೆ ಬರುವುದು, ಒಂದು ಹನಿ ಉದುರಿಸದೆ ಹೋಗಿಬಿಡುವುದು. ಊರಿನವರು ತಲೆ ಎತ್ತಿ ನೋಡಿದರೆ ಮೋಡದ ಕೆಳಗೆ ಬಿಡದೆ ಬೀಸುತ್ತಿರುವ ಫ್ಯಾನು. ಬಿಸಿ ಅನ್ನದ ಮೇಲಿನ ಹಬೆಯನ್ನು ಬೀಸಣಿಗೆಯಿಂದ ಓಡಿಸುವ ಹಾಗೆ ಇದು ಮೋಡವನ್ನು ಓಡಿಸುತ್ತಿದೆ ಅಂತ ಅವರಿಗೆ ಖಾತ್ರಿಯಾಯಿತು. ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿ ತಾತನನ್ನು ಕರೆಸಿದರು. ಗಾಳಿ ಫ್ಯಾನನ್ನು ತಿರುಗಿಸುತ್ತದೆಯೇ ಹೊರತು ಫ್ಯಾನು ಗಾಳಿಯನ್ನು ತಿರುಗಿಸುವುದಿಲ್ಲ ಅಂತ ತಾತ ವಾದ ಮಾಡಬಹುದಿತ್ತು, ಮಾಡಲಿಲ್ಲ. ಊರಿನಲ್ಲಿ ಬಾಳಬೇಕಾದವನು. ಉಳುಮೆಯ ಮಳೆ ಶುರುವಾಗುವ ಹೊತ್ತಿಗೆ ಫ್ಯಾನು ನಿಲ್ಲಿಸುತ್ತೇನೆ, ರಾಗಿ ಮೊಳಕೆ ಬಂದಮೇಲೆ ಬಿಡುತ್ತೇನೆ ಅಂತ ಒಪ್ಪಿಕೊಂಡ. ನಿಲ್ಲಿಸಿದ್ದಕ್ಕೆ ಗುರುತಾಗಿ ಮನೆಯ ಹಿರಿಸೊಸೆ ಅದಕ್ಕೆ ಅರಿಶಿನದ ದಾರ ಕಟ್ಟಬೇಕು. ಆ ಹಿರಿಸೊಸೆಯೇ ನಮ್ಮ ದೊಡ್ಡಮ್ಮ. ಕಟ್ಟಿದ ವರ್ಷ ಮಳೆಯೂ ಬಂತು. ಅಲ್ಲಿಗೆ ಅದು ಪದ್ಧತಿಯೇ ಆಗಿಹೋಯಿತು.

ತಾತ ತೀರಿಕೊಂಡದ್ದು ಒಂದು ಉಳುಮೆಯ ಕಾಲದಲ್ಲಿ, ಫ್ಯಾನು ನಿಂತಿದ್ದಾಗ. ಅದೇ ವರ್ಷ ಊರಿಗೆ ಕರೆಂಟು ಬಂತು, ದೊಡ್ಡಪ್ಪ ಬಾವಿಗೆ ಕರೆಂಟಿನ ಪಂಪು ಇಳಿಸಿದ. ಸ್ವಿಚ್ ಒತ್ತಿದರೆ ನೀರು ಬರುವಾಗ ಈ ಕಬ್ಬಿಣದ ರಾಶಿ ಯಾಕೆ ಅಂತ ಗುಜರಿಯವರಿಗೆ ಹೇಳಿ ಕಳಿಸಿದ. ಅವರು ಸುತ್ತಿಗೆ, ಹಗ್ಗ ಹಿಡಿದುಕೊಂಡು ಬಂದ ಬೆಳಗ್ಗೆ ನನಗೆ ಮಸುಕು ಮಸುಕಾಗಿ ನೆನಪಿದೆ. ಗೋಪುರದ ಬುಡಕ್ಕೆಲ್ಲ ಯಾರೋ ಅರಿಶಿನ ಬಳಿದು ಕುಂಕುಮ ಇಟ್ಟಿದ್ದರು. ಅದನ್ನು ತಬ್ಬಿಕೊಂಡು ದೊಡ್ಡಮ್ಮ ಕೂದಲು ಬಿಚ್ಚಿ ತಲೆ ತೂಗುತ್ತಿದ್ದಳು. ಮನೆಯಲ್ಲಿ ನಾಲ್ಕು ಮಾತೂ ಗಟ್ಟಿಯಾಗಿ ಆಡದಿದ್ದ ಹೆಂಗಸು, ಹೊಲದ ಆಚೆಗೂ ಕೇಳುವಂತೆ ಕೂಗುತ್ತಿದ್ದಳು. ತಾನು ಗಾಳೆಮ್ಮ, ತನ್ನನ್ನು ಕಿತ್ತರೆ ಈ ಊರಿಗೆ ಮಳೆ ಇಲ್ಲ. ನಾನು ನಮ್ಮಮ್ಮನ ಸೆರಗಿನ ಹಿಂದೆ ಅಡಗಿದೆ. ಗುಜರಿಯವರು ತಲೆವಸ್ತ್ರ ತೆಗೆದು ಕೈ ಮುಗಿದು, ತಂದ ಹಗ್ಗವನ್ನೂ ಅಲ್ಲೇ ಬಿಟ್ಟು ಹೊರಟುಹೋದರು. ಆ ವಾರವೇ ದೊಡ್ಡಪ್ಪ ಅರಿಶಿನ ಬಳಿದಿದ್ದ ಜಾಗದ ಸುತ್ತ ತನ್ನ ಕೈಯಾರೆ ಸಿಮೆಂಟಿನ ಗುಡಿ ಕಟ್ಟಿದ. ದೇವರು ಮತ್ತೆಂದೂ ಅವಳ ಮೈಮೇಲೆ ಬರಲಿಲ್ಲ. ಒಂದು ಸಲ ಬಂದದ್ದೇ ಸಾಕಾಗಿತ್ತು.

ಈ ವರ್ಷದ ಯುಗಾದಿಗೆ ನಾನು ಕೊನೆಯ ಸಲ ಗೋಪುರ ಹತ್ತಿದೆ. ಪ್ರತಿ ಸಲ ಒಂದು ಚೊಂಬು ಎಣ್ಣೆ ಕೊಡುತ್ತಿದ್ದ ದೊಡ್ಡಮ್ಮ ಈ ಸಲ ಎರಡು ಕೊಟ್ಟಳು. ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಸರಿಯಾಗಿ ಕಾಣದಿದ್ದರೂ ತಲೆ ಮೇಲೆತ್ತಿಕೊಂಡು, ಮುಚ್ಚಳ ತೆಗೆದೆಯಾ, ತಳದವರೆಗೂ ಇಳಿಯಿತಾ, ಬಾಲದ ಕೀಲಿಗೆ ಹಾಕಿದೆಯಾ ಅಂತ ಕೇಳುತ್ತಲೇ ಇದ್ದಳು. ಇಷ್ಟು ವರ್ಷ ಇಲ್ಲದ ಕೀಲು ಈಗೆಲ್ಲಿಂದ ಬಂತು ಅಂತ ಗೊಣಗಿಕೊಂಡೇ ಹಾಕಿದೆ. ಆಷಾಢಕ್ಕೆ ಮೊದಲೇ ಒಳ್ಳೆಯ ದಿನ ನೋಡಿ ಪುರೋಹಿತರು ಗಾಳೆಮ್ಮನ ಶಕ್ತಿಯನ್ನು ಕಳಶಕ್ಕೆ ಇಳಿಸಿ, ಅರಳಿಕಟ್ಟೆಯ ಪಕ್ಕದ ಹೊಸ ಗುಡಿಯಲ್ಲಿ ಕಲ್ಲಿನ ವಿಗ್ರಹಕ್ಕೆ ತುಂಬಿದರು. ಹೆಂಗಸರೆಲ್ಲ ಕಣ್ಣು ಒರೆಸಿಕೊಂಡರು. ದೊಡ್ಡಮ್ಮ ಮಾತ್ರ ಮದುವೆ ಮನೆಯಲ್ಲಿ ಎಲೆ ಅಡಿಕೆ ಕೊಡುವವಳ ಹಾಗೆ ಎಲ್ಲರಿಗೂ ಹೂವು ಹಂಚಿದಳು.

ಆಷಾಢ ಬಂತು, ಗಾಳಿ ಬರಲಿಲ್ಲ. ನಮ್ಮ ಕಡೆ ಆಷಾಢದ ಗಾಳಿ ಅಂದರೆ ಬಾಗಿಲು ಬಡಿದುಕೊಳ್ಳಬೇಕು, ಟೆರೇಸಿನ ಬಟ್ಟೆ ಪಕ್ಕದ ಬೀದಿಯಲ್ಲಿ ಸಿಗಬೇಕು. ಈ ಸಲ ಎಲೆ ಅಲುಗಲಿಲ್ಲ. ಕಂಟ್ರಾಕ್ಟರು ಕ್ರೇನು ಖಾಲಿ ಇದೆ, ಸೋಮವಾರ ಗೋಪುರ ಇಳಿಸಿಬಿಡ್ತೀವಿ, ಇದೇನು ಮನೆ ಕಟ್ಟುವುದಲ್ಲವಲ್ಲ ಅಂತ ಅಣ್ಣನ ಬೆನ್ನು ಹತ್ತಿದ. ಅಣ್ಣ ಸರಿ ಅಂದುಬಿಟ್ಟ. ಅವ್ವನಿಗೆ ನೋಡೋದು ಏನಿದ್ದರೂ ಅಷ್ಟರಲ್ಲಿ ನೋಡಿಕೊಳ್ಳಲಿ ಅಂದ. ದೊಡ್ಡಮ್ಮ ಅನ್ನ ಬಿಟ್ಟವಳ ಹಾಗೆ ಜಗಲಿಯಲ್ಲಿ ಕೂತು, ಗಳಿಗೆಗೊಂದು ಸಲ ಬೆರಳು ಒದ್ದೆ ಮಾಡಿ ಮೇಲೆ ಹಿಡಿಯುತ್ತಿದ್ದಳು. ನನಗೆ ನೋಡಲಾಗಲಿಲ್ಲ.

ಭಾನುವಾರ ಊಟದ ಹೊತ್ತಿಗೆ ನಾನು ಮೋಟರ್ ಆಫ್ ಮಾಡಿ ಬರುತ್ತಿದ್ದಾಗ ಕರೆದು ಹತ್ತಿರ ಕೂರಿಸಿಕೊಂಡಳು. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತೆ, ಬೆರಳಿಗೆ ತಣ್ಣಗಾಯಿತು ಅಂದಳು. ಆಮೇಲೆ ಬೀದಿಯ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದಳು.

"ಉಳಿ ಸುತ್ತಿಗೆ ತಗೊಂಡು ಆ ಹಳೇ ಗುಡಿ ಒಡಿಬೇಕು ಮಗಾ. ಒಳಗಿರೋದು ಬ್ರೇಕು."

ಅವಳಿಗೆ ವಯಸ್ಸಾಗಿ ಏನೋ ಬಡಬಡಿಸುತ್ತಿದ್ದಾಳೆ ಅಂದುಕೊಂಡೆ. ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ಗೋಪುರದ ಬುಡದಲ್ಲಿ ಒಂದು ಕಬ್ಬಿಣದ ಹಿಡಿ ಇದೆ. ಅದನ್ನು ಕೆಳಗೆ ಎಳೆದು ಕೊಕ್ಕೆಗೆ ಸಿಕ್ಕಿಸಿದರೆ ತಂತಿ ಬಿಗಿಯಾಗಿ ಮೇಲಿನ ಬಾಲ ಚಕ್ರಕ್ಕೆ ಮಡಚಿಕೊಳ್ಳುತ್ತದೆ, ಚಕ್ರ ಗಾಳಿಗೆ ಪಕ್ಕೆ ಕೊಟ್ಟು ನಿಂತುಬಿಡುತ್ತದೆ. ಹಿಡಿ ಎತ್ತಿದರೆ ಬಾಲ ಬಿಚ್ಚಿಕೊಂಡು ಮತ್ತೆ ತಿರುಗುತ್ತದೆ. ಊರಿನವರಿಗಾಗಿ ತಾತ ಪ್ರತಿ ವರ್ಷ ಎಳೆಯುತ್ತಿದ್ದದ್ದು ಅದನ್ನೇ, ಇವಳು ದಾರ ಕಟ್ಟುತ್ತಿದ್ದದ್ದೂ ಅದಕ್ಕೇ. ಯಾವಾಗ, ಎಲ್ಲೆಲ್ಲಿಗೆ ಎಣ್ಣೆ ಹಾಕಬೇಕು ಅನ್ನುವುದನ್ನು ತಾತ ಇವಳಿಗೆ ತೋರಿಸಿ ಕೊಟ್ಟಿದ್ದ. ಗುಜರಿಯವರು ಬಂದ ದಿನ ಅವಳು ಅರಿಶಿನ ಬಳಿದದ್ದು ಆ ಹಿಡಿಗೆ, ದೊಡ್ಡಪ್ಪ ಗುಡಿ ಕಟ್ಟಿದ್ದು ಅದರ ಸುತ್ತ. ಫ್ಯಾನು ಕೆಟ್ಟೇ ಇರಲಿಲ್ಲ. ಇಷ್ಟು ವರ್ಷ ನಾವೆಲ್ಲ ಬ್ರೇಕಿಗೆ ಮಂಗಳಾರತಿ ಎತ್ತಿಕೊಂಡು ಬಂದಿದ್ದೆವು.

"ಆವತ್ತು ನನ್ ಮೈಮೇಲೆ ಯಾವ ದೇವ್ರೂ ಬಂದಿರ್ಲಿಲ್ಲ ಕಣೋ. ಕೂಗಿದ್ದು ನಾನೇ," ಅಂದಳು.

ಮಾರಬೇಡಿ ಅಂತ ದೊಡ್ಡಪ್ಪನಿಗೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅಂತ ಕೇಳಿದೆ. ಅವಳಿಗೆ ನಗು ಬಂತು.

"ಹೇಳ್ದೆ. ಸೊಸೆ ಹೇಳಿದ್ನ ಯಾರೂ ಕೇಳಿಸ್ಕೊಳ್ಲಿಲ್ಲ. ದೇವ್ರು ಹೇಳಿದ್ಮೇಲೆ ಕೇಳಿದ್ರು."

ನಾನು ಅಲ್ಲಿ ಕೂತುಕೊಂಡೇ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದೆ. ಅಮ್ಮನ ತಲೆಗೆ ಎಣ್ಣೆ ಅಂದದ್ದು ಆ ಪೆಟ್ಟಿಗೆಯೊಳಗಿನ ಹಲ್ಲಿನ ಚಕ್ರಗಳಿಗೆ. ಅವು ವರ್ಷ ವರ್ಷ ನನ್ನ ಮೂಗಿನ ಮುಂದೆಯೇ ಇದ್ದವು, ಕಣ್ಣಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ. ಜಡೆಗೆ ಎಣ್ಣೆ ಅಂದದ್ದು ತಂತಿ ತುಕ್ಕು ಹಿಡಿಯಬಾರದು ಅಂತ. ತಲೆಯಲ್ಲಿ ಕಸ ಇರಬಾರದು ಅಂದದ್ದು ಚಕ್ರಕ್ಕೆ ಕಡ್ಡಿ ಸಿಕ್ಕಿಕೊಳ್ಳಬಾರದು ಅಂತ. ಇಷ್ಟು ಕಾಲ ನಾನು ಮಾಡಿದ್ದು ಪೂಜೆಯಲ್ಲ, ಸರ್ವೀಸು. ಒಬ್ಬಳು ಹೆಂಗಸು ಒಂದು ಯಂತ್ರವನ್ನು ಗುಜರಿಯಿಂದ ಉಳಿಸಲು ದೇವರನ್ನೇ ಹುಟ್ಟಿಸಿ, ಅದು ಕೆಡದಂತೆ ನೋಡಿಕೊಳ್ಳಲು ಹಬ್ಬವನ್ನೇ ಕಟ್ಟಿ, ನಮ್ಮನ್ನೆಲ್ಲ ಅದರ ಕೆಲಸಕ್ಕೆ ಹಚ್ಚಿ, ತಾನು ತುಟಿ ಬಿಚ್ಚದೆ ಮುದುಕಿಯಾಗಿದ್ದಳು. ಆದರೆ ದೇವರಾದಮೇಲೆ ಹಿಡಿಯನ್ನು ಮುಟ್ಟುವ ಹಾಗಿರಲಿಲ್ಲ. ಉಳಿಸಿಕೊಂಡದ್ದನ್ನು ಒಂದು ಸುತ್ತು ತಿರುಗಿಸಿ ನೋಡುವ ಭಾಗ್ಯ ಅವಳಿಗಿರಲಿಲ್ಲ. ಅಷ್ಟು ವರ್ಷ ಗಾಳೆಮ್ಮನ ಮುಂದೆ ಬಾರದ ಭಕ್ತಿ ಆ ಜಗಲಿಯ ಮೇಲೆ ಬಂತು. ಇದನ್ನು ಎಲ್ಲಾದರೂ ಬರೆಯಲಾ ಅಂತ ಕೇಳಿದ್ದಕ್ಕೆ, ಬರ್ಕೋ, ಓದೋರ್ಯಾರು ಅಂದಳು.

ಇಷ್ಟೆಲ್ಲ ಯಾಕೆ ಮಾಡಿದೆ, ಅದು ಬರೀ ಕಬ್ಬಿಣ ಅಲ್ಲವಾ ಅಂತಲೂ ಕೇಳಿದೆ. ಮೊದಲು ಆ ಫ್ಯಾನ್ ತಿರುಗೋಕೆ ಬಿಡು, ಆಮೇಲೆ ಹೇಳ್ತೀನಿ ಅಂತ ನನ್ನ ಭುಜ ಹಿಡಿದುಕೊಂಡು ಎದ್ದಳು.

ಹಳೆಯ ಗುಡಿ ಖಾಲಿಯಾಗಿದ್ದರೂ ಚಪ್ಪಲಿ ಬಿಟ್ಟೇ ಉಳಿ ಇಟ್ಟೆ. ಒಳಗೆ ಮೆತ್ತಿದ್ದ ಅರಿಶಿನ ಕುಂಕುಮ ಗಟ್ಟಿಯಾಗಿ, ಹಳದಿಯ ಮೇಲೆ ಕೆಂಪು, ಕೆಂಪಿನ ಮೇಲೆ ಹಳದಿ, ಪದರ ಪದರವಾಗಿ ಕಿತ್ತು ಬಂತು. ಒಂದೊಂದು ಪದರವೂ ಒಂದೊಂದು ವರ್ಷದ ಶುಕ್ರವಾರಗಳು. ಅದರ ಅಡಿಯಲ್ಲಿ ಕಪ್ಪಗೆ, ಎಣ್ಣೆ ಕುಡಿದು, ಒಂದು ಚೂರೂ ತುಕ್ಕಿಲ್ಲದ ಕಬ್ಬಿಣದ ಹಿಡಿ ಹೊರಗೆ ಬಂತು. ತಾತ ಎಳೆದು ಸಿಕ್ಕಿಸಿದ್ದ ಕೊಕ್ಕೆಯಲ್ಲೇ ಇತ್ತು. ಅವನು ಕೈ ತೆಗೆದ ಜಾಗದಲ್ಲಿ ನಾನು ಕೈ ಇಟ್ಟಿದ್ದೆ.

ಸದ್ದಿಗೆ ಎದುರು ಪಿ.ಜಿ.ಯವರು ಬಾಲ್ಕನಿಗೆ ಬಂದರು, ಬೀದಿಯ ಹೆಂಗಸರು ಬೇಲಿಯ ಹತ್ತಿರ ಸೇರಿದರು. ನಾನು ಹಿಡಿಯನ್ನು ಕೊಕ್ಕೆಯಿಂದ ಬಿಡಿಸಿ ಮೆಲ್ಲಗೆ ಎತ್ತಿದೆ. ಏನೂ ಆಗಲಿಲ್ಲ. ಆಮೇಲೆ ಮೇಲೆಲ್ಲೋ ಕಬ್ಬಿಣ ನರಳಿತು. ಮಡಚಿಕೊಂಡಿದ್ದ ಬಾಲ ನಿಧಾನವಾಗಿ ಬಿಚ್ಚಿಕೊಂಡು ಹಿಂದಕ್ಕೆ ಸರಿಯಿತು. ಗಾಳಿ ಇರಲಿಲ್ಲ, ಚಕ್ರ ಸುಮ್ಮನೆ ನಿಂತಿತ್ತು. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಹುಬ್ಬಿನ ಮೇಲೆ ಅಂಗೈ ಮರೆಮಾಡಿ ಬಲಗಣ್ಣಿನಿಂದ ನೋಡುತ್ತಿದ್ದಳು. ಬಾ ತಾಯಿ ಅಂತ ನಾನು ಯಾರನ್ನು ಕರೆದೆನೋ ನನಗೇ ಗೊತ್ತಿ‌ಲ್ಲ.

ಪಿ.ಜಿ.ಗಳ ಸಂದಿಯಿಂದ ಗಾಳಿ ನುಗ್ಗಿತು. ಮೊದಲು ನೆಲದ ಧೂಳು ಎದ್ದಿತು, ಆಮೇಲೆ ಟೆರೇಸಿನ ಬಟ್ಟೆಗಳು ಎದ್ದವು. ಇಡೀ ತಲೆಯೇ ಪಡುವಣಕ್ಕೆ ಹೊರಳಿ, ಆ ದೊಡ್ಡ ಚಕ್ರ ಗಾಳಿಗೆ ಎದುರಾಗಿ ನಿಂತಿತು. ಒಂದು ರೆಕ್ಕೆಯಷ್ಟು ಸರಿಯಿತು, ನಿಂತಿತು. ಮತ್ತೆ ಸರಿಯಿತು. ಒಣ ಕಡ್ಡಿ, ಕಾಗೆ ಪುಕ್ಕ ಉದುರಿದವು. ಆಮೇಲೆ ತಿರುಗಿತು. ಒಂದು ಪೂರ್ತಿ ಸುತ್ತು, ಇನ್ನೊಂದು, ಆಮೇಲೆ ರೆಕ್ಕೆಗಳು ಒಂದಕ್ಕೊಂದು ಬೆರೆತು ಬಿಡಿಬಿಡಿಯಾಗಿ ಕಾಣುವುದು ನಿಂತುಹೋಯಿತು. ಅದರ ನೆರಳು ನಮ್ಮ ಮೇಲೆ, ಪಿ.ಜಿ. ಗೋಡೆಗಳ ಮೇಲೆ ಸುತ್ತತೊಡಗಿತು. ಬಾಲ್ಕನಿಯ ಹುಡುಗರು ಸಖತ್ ಗುರು ಅಂತ ಫೋನು ಹಿಡಿದರು. ಬೇಲಿಯ ಹೆಂಗಸರು ಅಮ್ಮ ಗಾಳಿಗೆ ಸೇರಿದಳು ಅಂತ ಕೆನ್ನೆ ಬಡಿದುಕೊಂಡು ಕೈ ಮುಗಿದರು. ದೊಡ್ಡಮ್ಮ ಅವರನ್ನು ತಿದ್ದಲಿಲ್ಲ. ನನಗೂ ಅವರು ತಪ್ಪು ಹೇಳುತ್ತಿದ್ದಾರೆ ಅನ್ನಿಸಲಿಲ್ಲ.

ಹಿಂದೆ ಚಕ್ರದಿಂದ ಬಾವಿಗೆ ಇಳಿಯುತ್ತಿದ್ದ ಕಬ್ಬಿಣದ ಸರಳನ್ನು ದೊಡ್ಡಪ್ಪ ಅರ್ಧಕ್ಕೆ ಕತ್ತರಿಸಿದ್ದ. ಉಳಿದ ಅರ್ಧ ಗೋಪುರದ ನಡುವೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ಕೆಳಗೆ ಬಾವಿ ಇಲ್ಲ, ಅದನ್ನು ಮುಚ್ಚಿ ಎಷ್ಟೋ ಕಾಲವಾಗಿತ್ತು. ಆದರೂ ಅದು ಬಿಡದೆ ಸೇದುತ್ತಲೇ ಇತ್ತು. ದೊಡ್ಡಮ್ಮ ನೋಡುತ್ತಿದ್ದದ್ದು ಚಕ್ರವನ್ನಲ್ಲ, ಆ ಸರಳನ್ನು. ಅಷ್ಟು ದೂರದ್ದು ಅವಳಿಗೆ ಕಾಣುತ್ತಿದೆಯೇ ಅಂತ ಬಗ್ಗಿ ಕೇಳಿದೆ. ಕಾಣ್ತಿದೆ ಅಂದಳು.

ಸ್ವಲ್ಪ ಹೊತ್ತಾದಮೇಲೆ, ನಾನು ಮತ್ತೆ ಕೇಳದಿದ್ದರೂ, ತಾನೇ ಹೇಳಿದಳು. ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇನ್ನೂ ಸರಿಯಾಗಿ ಸೀರೆ ಉಡಲು ಬರುತ್ತಿರಲಿಲ್ಲವಂತೆ. ಬಂದ ಮಾರನೆಯ ದಿನವೇ ಬಾವಿಯ ಹಗ್ಗ ಕೈಗೆ ಬಂತು. ಇಡೀ ಮನೆಯ ಸ್ನಾನಕ್ಕೆ, ಅಡುಗೆಗೆ, ಕೊಟ್ಟಿಗೆಯ ದನಗಳಿಗೆ, ಸೊಪ್ಪಿನ ಮಡಿಗಳಿಗೆ ಅವಳೇ ಸೇದಬೇಕು. ಅಂಗೈ ಸುಲಿದು ಬೊಬ್ಬೆ ಬಂದರೂ ಸೇದಿದಳು, ಜ್ವರದಲ್ಲೂ ಸೇದಿದಳು, ತುಂಬು ಬಸಿರಿನ ಹೊಟ್ಟೆಯನ್ನು ಬಾವಿಕಟ್ಟೆಗೆ ಒತ್ತಿಕೊಂಡು ಸೇದಿದಳು. ಗಂಡ, ಮೈದುನರು, ಅತ್ತೆ, ನಾದಿನಿಯರು ಎಲ್ಲರೂ ಆ ಬಾವಿಯ ಪಕ್ಕದಲ್ಲೇ ಓಡಾಡಿಕೊಂಡಿದ್ದರು. ಇದನ್ನೆಲ್ಲ ಹೇಳುವಾಗ ಅವಳ ದನಿಯಲ್ಲಿ ದೂರು ಇರಲಿಲ್ಲ.

"ಈ ಮನೇಲಿ ನನ್ ಕೈಯಿಂದ ಹಗ್ಗ ಈಸ್ಕೊಂಡಿದ್ದು ಅದೊಂದೇ ಕಣೋ," ಅಂದಳು.

ಅವಳು ಹೇಳಿದ ಮೈದುನರಲ್ಲಿ ನಮ್ಮಪ್ಪನೂ ಒಬ್ಬ. ಅಷ್ಟರಲ್ಲಿ ಕಂಟ್ರಾಕ್ಟರು ಅಣ್ಣನ ಜೊತೆ ಬಂದು, ನಾಳೆಗೆ ಅಳತೆ ತಗೋಬೇಕು, ಒಂದು ನಿಮಿಷ ಅದನ್ನು ನಿಲ್ಲಿಸಿ ಸಾರ್ ಅಂದ. ನಾನು ಹಿಡಿಗೆ ಅಡ್ಡ ನಿಂತುಕೊಂಡೆ. ಕತ್ತಲಾಗಿ, ಇನ್ನು ಕಾಣಿಸ್ತಿಲ್ಲ, ಒಳಗೆ ಕರ್ಕೊಂಡ್ಹೋಗು ಅಂತ ಅವಳೇ ಹೇಳುವವರೆಗೂ ಯಾರನ್ನೂ ಅದರ ಹತ್ತಿರ ಬಿಡಲಿಲ್ಲ.